ಅಮ್ಮನ ಹರಕೆ, ಮಗಳ ಮುಡಿ

ಧಾರಾಪುರಂ ರಸ್ತೆಯಲ್ಲಿ ಮನೋರೋಗಿಗಳಿಗಾಗಿ ಇದ್ದ ಆಶ್ರಮಕ್ಕೆ ಎಲ್ಲರೂ ಇಲ್ಲಂ ಎನ್ನುತ್ತಿದ್ದರು, ಮನೆ ಎಂದರ್ಥ. ಆ ಇಲ್ಲಂನಲ್ಲಿ ವಡಿವುವಿನಷ್ಟು ಉದ್ದ ಕೂದಲು ಇನ್ನೊಬ್ಬರಿಗಿರಲಿಲ್ಲ. ತಲೆಗೆ ನೀರು ಹಾಕಿಕೊಂಡು ಬಂದು ಹಿತ್ತಲ ಕಟ್ಟೆಯ ಮೇಲೆ ಕೂತು ಅವಳು ಅದನ್ನು ಬಿಸಿಲಿಗೆ ಹರಡಿಕೊಂಡರೆ ಅಡುಗೆಮನೆಯ ಹೆಂಗಸರಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಏನು ವಡಿವು, ಇವತ್ತು ಗಂಡಿನ ಕಡೆಯವರು ಬರ್ತಾರಾ ಎಂದು ಕೆಣಕುತ್ತಿದ್ದರು. ಬಂದರೆ ನಿಮ್ಮ ಹತ್ತಿರವೇ ಕಳಿಸುತ್ತೇನೆ, ನನಗೆ ಜಡೆ ಹಾಕಿಕೊಳ್ಳುವುದಕ್ಕೇ ಪುರುಸೊತ್ತಿಲ್ಲ ಎಂದು ಅವಳೂ ಬಿಡದೆ ತಿರುಗಿಸುತ್ತಿದ್ದಳು. ನಲವತ್ತೇಳರ ಹೆಂಗಸು, ಅರ್ಧ ನರೆತ ಕೂದಲು. ಆದರೂ ಅದನ್ನು ಬಾಚುವಾಗ ಅವಳ ಮುಖದಲ್ಲಿ ಒಂದು ಜಂಬ ಇರುತ್ತಿತ್ತು, ಅದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ.

ಆ ಜಂಬಕ್ಕೆ ಕಾರಣವಿತ್ತು. ಇಲ್ಲಿಗೆ ಬರುವ ಮುಂಚೆ ಅವಳಿದ್ದದ್ದು ತಗಡಿನ ಚಾವಣಿಯ ಬೇರೊಂದು ಆಶ್ರಮದಲ್ಲಿ. ಅಲ್ಲಿ ತಿಂಗಳಿಗೊಮ್ಮೆ ಒಬ್ಬ ಬಂದು ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ ತಲೆ ಬೋಳಿಸುತ್ತಿದ್ದ. ಕೇಳಿದರೆ ಹೇನಿನ ಕಾಟ ಎನ್ನುತ್ತಿದ್ದರು. ಬೋಳುತಲೆಯವಳು ಗೇಟು ದಾಟಿ ಓಡಿದರೆ ಊರವರೇ ಹಿಡಿದು ತಂದು ಒಪ್ಪಿಸುತ್ತಾರೆ ಎಂಬುದು ಹೇಳದೆ ಇದ್ದ ಕಾರಣ. ಬೇಡವೆಂದು ಒದ್ದಾಡಿದವರನ್ನು ನಾಲ್ಕು ಜನ ಹಿಡಿದುಕೊಳ್ಳುತ್ತಿದ್ದರು. ವಡಿವು ಪ್ರತಿ ಸಲ ಒದ್ದಾಡಿದಳು, ಪ್ರತಿ ಸಲ ನಾಲ್ಕು ಜನ ಬಂದರು. ಆಮೇಲೆ ದಿಲ್ಲಿಯಲ್ಲಿ ಒಂದು ಕಾಯ್ದೆಯಾಯಿತು. ಮನೋರೋಗಿಗೆ ಮರ್ಯಾದೆಯಿಂದ ಬದುಕುವ ಹಕ್ಕಿದೆ, ಊರೊಳಗೆ ಎಲ್ಲರ ಹಾಗೆ ಬಾಳುವ ಹಕ್ಕಿದೆ, ತನ್ನ ಚಿಕಿತ್ಸೆ ಹೇಗಿರಬೇಕೆಂದು ತಾನೇ ಹೇಳುವ ಹಕ್ಕಿದೆ, ಬಲವಂತವಾಗಿ ಯಾರೂ ತಲೆ ಬೋಳಿಸಕೂಡದು ಎಂದೆಲ್ಲ ಅದರಲ್ಲಿ ಬರೆದಿದ್ದರು. ತಗಡಿನ ಆಶ್ರಮಕ್ಕೆ ಬೀಗ ಬಿತ್ತು. ಅಲ್ಲಿದ್ದವರನ್ನು ಅಲ್ಲಲ್ಲಿಗೆ ಹಂಚಿದಾಗ ವಡಿವು ಈ ಇಲ್ಲಂಗೆ ಬಂದಳು. ಆ ಕಾಯ್ದೆಯಲ್ಲಿ ಬರೆದದ್ದರಲ್ಲಿ ಅವಳ ಕೈಗೆ ನಿಜವಾಗಿ ಸಿಕ್ಕಿದ್ದು ಒಂದೇ, ಈ ಕೂದಲು.

ಉಳಿದದ್ದೂ ಸಿಗುತ್ತದೆ ಅನ್ನುವ ಹೊತ್ತು ಒಂದು ಬಂತು. ಡಾಕ್ಟರು ಅವಳನ್ನು ಕರೆಸಿ, ಮಾತ್ರೆ ತಪ್ಪಿಸದೆ ನುಂಗಿದರೆ ಇನ್ನು ಮನೆಯಲ್ಲೇ ಇರಬಹುದು ಎಂದರು. ಅವಳ ಅಣ್ಣ ನಾಚಿಮುತ್ತುವಿಗೂ ಫೋನಿನಲ್ಲಿ ಅದನ್ನೇ ಹೇಳಿದರು. ವಡಿವುಗೆ ಆ ರಾತ್ರಿಯಿಂದ ಬೇರೆ ಯೋಚನೆಯೇ ಹತ್ತಲಿಲ್ಲ. ಗಂಡ ಎಂಬುವನು ಅವಳಿಗೆ ಕಾಯಿಲೆ ಬಂದ ವರ್ಷವೇ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಮನೆ ಎಂದರೆ ಅವಳಿಗೆ ಕಾಂಗೇಯಂ ಕಡೆಯ ತವರು, ಅಣ್ಣನ ಕೊಬ್ಬರಿ ಕಣ, ಕಣದ ತುಂಬ ಬಿಸಿಲಿಗೆ ಬಿದ್ದ ಕೊಬ್ಬರಿಯ ವಾಸನೆ, ಹಿಂದುಗಡೆ ಅಮ್ಮ ಮಲಗುತ್ತಿದ್ದ ಕೋಣೆ. ಅಮ್ಮ ಈಗಿಲ್ಲ. ಕೋಣೆ ಇದೆಯಲ್ಲ, ಅಷ್ಟು ಸಾಕು ಅಂದುಕೊಂಡಿದ್ದಳು.

ನಾಚಿಮುತ್ತು ಹೆಂಡತಿ ಮಲರ್ಕೊಡಿಯನ್ನು ಕರೆದುಕೊಂಡು ಭಾನುವಾರವೇ ಬಂದ. ಮಲೆಬಾಳೆಯ ಚಿಪ್ಪು, ಅರಿಶಿನ ಬಣ್ಣದ ಹೊಸ ಸೀರೆ ತಂದಿದ್ದ. ತಂಗಿಯ ಎದುರು ಕೂತು, ಡಾಕ್ಟರು ಹೇಳಿದ್ದು ಕೇಳಿ ಎಷ್ಟು ಸಂತೋಷವಾಯಿತೆಂದು ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ಅದು ನಾಟಕವಾಗಿರಲಿಲ್ಲ.

“ಅಮ್ಮಿಣಿ, ಶುಕ್ರವಾರ ಕಾರು ತರ್ತೀನಿ,” ಎಂದ. ಸಣ್ಣವಳಿದ್ದಾಗಿನಿಂದ ಅವಳನ್ನು ಅವನು ಕರೆಯುತ್ತಿದ್ದದ್ದು ಹಾಗೇ. “ಮೊದಲು ಪಳನಿಗೆ ಹೋಗಿ ಮುಡಿ ಕೊಟ್ಟುಬಿಡೋಣ. ಅಲ್ಲಿಂದ ಸೀದಾ ಮನೆ.”

“ಯಾರ ಮುಡಿ?”

“ನಿಂದೇ. ಅಮ್ಮನ ಹರಕೆ ಇದೆಯಲ್ಲ. ನಿಂಗೆ ಗುಣ ಆದ್ರೆ ನಿನ್ನ ಮುಡಿ ಕೊಡ್ತೀನಿ ಅಂತ ಬೆಟ್ಟದ ಕೆಳಗೆ ಒದ್ದೆ ಸೀರೇಲಿ ನಿಂತು ಬೇಡ್ಕೊಂಡಿದ್ಲು. ನಾನೂ ಪಕ್ಕದಲ್ಲೇ ಇದ್ದೆ.”

ವಡಿವು ಕೈ ಹಿಂದೆ ಮಾಡಿ ಜಡೆಯನ್ನು ಹಿಡಿದುಕೊಂಡಳು. ಅಮ್ಮ ಹೀಗೊಂದು ಹರಕೆ ಹೊತ್ತಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಯಾರ ತಲೆಯನ್ನು ದೇವರಿಗೆ ಬರೆದುಕೊಡುತ್ತಿದ್ದಳೋ ಅವಳನ್ನು ಅಮ್ಮ ಆ ದಿನ ಕೇಳಿರಲಿಲ್ಲ. ಕೇಳುವ ಸ್ಥಿತಿಯಲ್ಲಿ ಅವಳು ಇರಲೂ ಇಲ್ಲ ಅನ್ನುವುದು ಬೇರೆ ಮಾತು. ಬೇಡ ಅಣ್ಣ, ಬೇಕಾದರೆ ನಡೆದೇ ಬೆಟ್ಟ ಹತ್ತುತ್ತೇನೆ, ಕಾವಡಿ ಬೇಕಾದರೂ ಹೊರುತ್ತೇನೆ, ಕೂದಲು ಮಾತ್ರ ಬೇಡ ಎಂದಳು. ನಾಚಿಮುತ್ತು ಮೊದಲು ನಕ್ಕ. ಆಮೇಲೆ ಸಮಾಧಾನ ಹೇಳಿದ. ಎರಡೇ ವರ್ಷ, ಮತ್ತೆ ಬೆಳೆಯುತ್ತದೆ ಎಂದ. ಅವಳು ಒಲ್ಲೆನೆಂದು ತಲೆಯಾಡಿಸಿದಾಗ ಅವನ ದನಿ ಬದಲಾಯಿತು.

ಅವನ ಕಡೆಯದನ್ನೂ ಹೇಳಬೇಕು. ಕೈ ಬಿಟ್ಟುಹೋಗಲು ಅವನಿಗೆ ಎಷ್ಟೋ ಸಲ ನೆಪ ಸಿಕ್ಕಿದ್ದರೂ ಬಿಟ್ಟಿರಲಿಲ್ಲ, ತಿಂಗಳಿಗೊಮ್ಮೆ ಬಂದು ನೋಡಿ ಹೋಗುತ್ತಿದ್ದ. ಆದರೆ ಹೋದ ವರ್ಷ ಕಣಕ್ಕೆ ಬೆಂಕಿ ಬಿದ್ದು ಕೊಬ್ಬರಿಯೆಲ್ಲ ಸುಟ್ಟಿತ್ತು. ಮಗನಿಗೆ ನೋಡಿದ ಸಂಬಂಧಗಳು ಒಂದೊಂದಾಗಿ ಜಾರಿದ್ದವು. ಜೋಯಿಸರು ಕವಡೆ ಹಾಕಿ ನೋಡಿ, ಸತ್ತವರ ಹರಕೆಯೊಂದು ತೀರದೆ ಉಳಿದಿದೆ ಎಂದಿದ್ದರು. ಅದು ಯಾವುದೆಂದು ನಾಚಿಮುತ್ತುವಿಗೆ ಹೇಳಿಸಿಕೊಳ್ಳಬೇಕಾಗಿರಲಿಲ್ಲ. ತಂಗಿ ಗುಣವಾದಳು ಅಂದರೆ ಮುರುಗನ್ ತನ್ನ ಪಾಲಿನದನ್ನು ಮಾಡಿಯಾಯಿತು. ಇನ್ನು ಈ ಕಡೆಯದು ಬಾಕಿ.

“ದೇವರ ಜೊತೆ ತಕರಾರು ತೆಗೀಬೇಡ ಅಮ್ಮಿಣಿ,” ಎಂದ.

“ದೇವರ ಜೊತೆ ನಂಗೇನಣ್ಣ ತಕರಾರು. ಅವನಿಗೆ ನನ್ನ ಕೂದಲು ಬೇಕಿದ್ರೆ ನನ್ನ ಕೇಳ್ಬೇಕಿತ್ತು. ಅಮ್ಮ ಬೇಕಿದ್ರೆ ತನ್ನದನ್ನ ಕೊಡ್ತಿದ್ಲು.”

ಮಲರ್ಕೊಡಿ ಅದುವರೆಗೂ ಬಾಳೆಹಣ್ಣಿನ ಚೀಲದ ಬಾಯಿ ಬಿಗಿಯುತ್ತ ಕೂತಿದ್ದಳು. “ಗುಣ ಆಗಿದೆ ಅಂದ್ರಲ್ಲ, ಇದೇನಾ ಗುಣ?” ಎಂದು ಗಂಡನಿಗೆ ಹೇಳಿದಳು. ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು.

ಗೋಳು ಇರುವುದು ಇಲ್ಲೇ. ನೀವೋ ನಾನೋ ಬೇಡ ಅಂದರೆ ಹಟ ಅನ್ನುತ್ತಾರೆ, ಕೊಬ್ಬು ಅನ್ನುತ್ತಾರೆ, ಬೈದು ಬಿಟ್ಟುಬಿಡುತ್ತಾರೆ. ವಡಿವು ಬೇಡ ಅಂದರೆ ಅದು ಕಾಯಿಲೆ. ಹೂಂ ಅಂದರೆ ಗುಣ. ಆ ಭಾನುವಾರ ಅವಳು ಹೂಂ ಅನ್ನಲಿಲ್ಲ, ನಾಚಿಮುತ್ತು ಸೀರೆಯನ್ನು ಬೆಂಚಿನ ಮೇಲೇ ಬಿಟ್ಟು ಹೋದ.

ಇಲ್ಲಂನಲ್ಲಿ ಬೆನಿಟಾ ಎಂಬ ಹುಡುಗಿ ಇದ್ದಳು. ನಾಗರಕೋವಿಲ್ ಕಡೆಯವಳು, ಸಮಾಜಸೇವೆ ಓದಿ ಬಂದು ಕೆಲಸಕ್ಕೆ ಸೇರಿದ್ದಳು. ಒಳ್ಳೆಯವಳು. ಕಾಯ್ದೆಯ ಒಂದೊಂದು ಕಲಮೂ ಅವಳಿಗೆ ಬಾಯಿಪಾಠ, ಎಲ್ಲಿ ತಪ್ಪು ಕಂಡರೂ ಸುಮ್ಮನಿರುವ ಜಾಯಮಾನವಲ್ಲ. ವಡಿವುವಿನ ಕತೆ ಕೇಳಿದ್ದೇ ತಡ ಅವಳಿಗೆ ರೋಷ ಉಕ್ಕಿತು. ವಡಿವಕ್ಕ, ನಿಮ್ಮ ತಲೆ ಮುಟ್ಟುವ ಅಧಿಕಾರ ಯಾರಿಗೂ ಇಲ್ಲ, ಅಣ್ಣನಿಗೂ ಇಲ್ಲ, ದೇವಸ್ಥಾನಕ್ಕೂ ಇಲ್ಲ ಎಂದು ಸಮಾಧಾನ ಹೇಳಿ, ಇಂಥ ದೂರುಗಳನ್ನು ಕೇಳುವುದಕ್ಕೆಂದೇ ಇರುವ ಮಂಡಳಿಗೆ ಅರ್ಜಿ ಹಾಕಿಸಿದಳು. ವಡಿವು ಅರ್ಜಿಗೆ ಸಹಿ ಹಾಕುವಾಗ ಕೇಳಿದ್ದು ಒಂದೇ ಮಾತು. ಇದರಿಂದ ಅಣ್ಣ ನನ್ನನ್ನು ಕರೆದುಕೊಂಡು ಹೋಗುತ್ತಾನಾ ಎಂದು ಕೇಳಿದಳು. ಹೋಗಲೇಬೇಕು ಅಕ್ಕ ಎಂದಳು ಬೆನಿಟಾ. ಹಾಗೆಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲವೆಂಬುದು ಆ ಹುಮ್ಮಸ್ಸಿನಲ್ಲಿ ಅವಳಿಗೆ ಹೊಳೆಯಲಿಲ್ಲ.

ಮಂಡಳಿ ಕೂತದ್ದು ಇಲ್ಲಂನ ಊಟದ ಹಾಲಿನಲ್ಲೇ. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ತೆಳ್ಳಗಿನ ಮನುಷ್ಯ, ಎದುರಿಗಿದ್ದ ಗ್ಲಾಸಿನ ಮೇಲೆ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಿದ್ದರು. ಬೋಳಿಸಕೂಡದು ಎಂಬ ಕಲಮನ್ನು ಬಳಸುವ ಅವಕಾಶ ಅವರಿಗೆ ಇದುವರೆಗೂ ಸಿಕ್ಕಿರಲಿಲ್ಲ ಅಂತ ಕಾಣುತ್ತದೆ, ಮುಖದಲ್ಲಿ ಅದರ ಖುಷಿಯಿತ್ತು. ವಡಿವು ನೆಟ್ಟಗೆ ನಿಂತು, ತನಗೆ ಹಿಂದೆ ಏನೇನಾಯಿತೆಂದು, ಈಗ ಯಾಕೆ ಬೇಡವೆಂದು, ಎಲ್ಲವನ್ನೂ ಬಿಡಿಸಿ ಹೇಳಿದಳು. ನಾಚಿಮುತ್ತು ಬಿಳಿ ಅಂಗಿ ತೊಟ್ಟು ಬಂದು ಕೈಕಟ್ಟಿ ನಿಂತಿದ್ದ. ಅವನನ್ನು ಕೇಳಿದಾಗ, ನಾನು ಓದಿದವನಲ್ಲ ಸಾಮಿ, ಒಂದೇ ಅನುಮಾನ ಎಂದ.

“ನಿಮ್ಮ ಕಾನೂನು ಪಳನಿ ಬೆಟ್ಟಕ್ಕೂ ಹತ್ತುತ್ತಾ?”

“ಬೆಟ್ಟಕ್ಕೆ ಹತ್ತುತ್ತೋ ಇಲ್ವೋ, ಈಕೆ ತಲೆಗಂತೂ ಹತ್ತುತ್ತೆ,” ಎಂದರು ನ್ಯಾಯಾಧೀಶರು. ಪಕ್ಕದಲ್ಲಿದ್ದ ಡಾಕ್ಟರು ನಕ್ಕರು, ಬೆನಿಟಾಳೂ ನಕ್ಕಳು.

ತೀರ್ಮಾನ ಅಲ್ಲೇ ಆಯಿತು. ವಡಿವುಗೆ ತನ್ನ ವಿಷಯ ತಾನೇ ನಿರ್ಧರಿಸುವ ಬುದ್ಧಿ ಚೆನ್ನಾಗಿದೆ, ಅವಳ ಇಷ್ಟವಿಲ್ಲದೆ ಅವಳ ತಲೆಗೆ ಯಾರೂ ಕತ್ತಿ ತಾಗಿಸಕೂಡದು, ಅದನ್ನು ನೋಡಿಕೊಳ್ಳುವ ಹೊಣೆ ಇಲ್ಲಂನದು. ಅಲ್ಲದೆ ಅವಳು ಈ ಕ್ಷಣವೇ ತನಗೆ ಬೇಕಾದ ಕಡೆ ಹೋಗಿ ಬಾಳಬಹುದು, ಯಾರೂ ತಡೆಯುವಂತಿಲ್ಲ. ಎಲ್ಲಿಗೆ ಸಾರ್ ಎಂದು ಕೇಳಿದಳು ವಡಿವು. ಗುಣವಾದವರಿಗಾಗಿ ಊರೊಳಗೆ ಮನೆಗಳನ್ನು ಮಾಡಿಕೊಡುವುದು ಸರ್ಕಾರದ ಕರ್ತವ್ಯ ಎಂದರು ಅವರು. ಎಲ್ಲಿವೆ ಅವು ಎಂದಳು. ಅದಕ್ಕೆ ಅವರು ಗ್ಲಾಸಿನ ಮುಚ್ಚಳ ತೆಗೆದು ನೀರು ಕುಡಿದರು. ಈ ಜಿಲ್ಲೆಯಲ್ಲಿ ಇನ್ನೂ ಆಗಿಲ್ಲ, ಕಡತ ನಡೆಯುತ್ತಿದೆ ಎಂದು ಗುಮಾಸ್ತರು ಮೆಲ್ಲಗೆ ಹೇಳಿದರು. ಅಣ್ಣನಾದವನು ಕರೆದುಕೊಂಡು ಹೋಗಲೇಬೇಕು ಎನ್ನಲು ಕಾನೂನಿನಲ್ಲಿ ದಾರಿಯಿಲ್ಲ, ತಂಗಿಯ ಮನಸ್ಸನ್ನು ಅರ್ಥ ಮಾಡಿಕೊಳ್ಳಿ ಎಂದಷ್ಟೇ ನಾಚಿಮುತ್ತುವಿಗೆ ಬುದ್ಧಿ ಹೇಳಿ ಎದ್ದರು.

ಹೊರಗೆ ಬೇವಿನ ಮರದ ಕೆಳಗೆ ನಾಚಿಮುತ್ತು ಚಪ್ಪಲಿ ಮೆಟ್ಟುತ್ತಿದ್ದ. ವಡಿವು ಹಿಂದೆಯೇ ಹೋದಳು. ಈ ಶುಕ್ರವಾರವಾದರೂ ಬರುತ್ತೀಯಾ ಅಣ್ಣ ಎಂದಳು.

“ಇಲ್ಲಿ ನಿಂಗೆ ಜಡ್ಜ್ ಇದ್ದಾರೆ, ಕಾನೂನಿದೆ, ಎಲ್ಲಾ ಇದೆ. ಹಾಯಾಗಿರು ಅಮ್ಮಿಣಿ,” ಎಂದು ಅವನು ಹೇಳಿದ್ದು ಕೋಪದಲ್ಲಲ್ಲ. ಕೋಪದಲ್ಲಿ ಹೇಳಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಅಂದು ಬೆನಿಟಾ ಎಲ್ಲರಿಗೂ ಜಿಲೇಬಿ ಹಂಚಿದಳು. ಗೆದ್ದೆವು ಅಕ್ಕ ಎಂದು ವಡಿವುವಿನ ಬಾಯಿಗೂ ಒಂದು ಚೂರು ಹಾಕಿದಳು.

ಶುಕ್ರವಾರ ಬಂತು, ಅಣ್ಣ ಬರಲಿಲ್ಲ. ತಿಂಗಳು ಬಂತು, ಅಣ್ಣ ಬರಲಿಲ್ಲ. ದೀಪಾವಳಿಗೆ ಸೀರೆ ಬರಲಿಲ್ಲ, ಪೊಂಗಲ್‌ಗೆ ಕಬ್ಬು ಬರಲಿಲ್ಲ. ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಲ್ಲುತ್ತಿತ್ತು. ಬೆನಿಟಾಳಿಗೂ ಒಳಗೊಳಗೆ ಚುಚ್ಚತೊಡಗಿತ್ತು, ವಡಿವುವನ್ನು ಕರೆದುಕೊಂಡು ಧಾರಾಪುರಂನಲ್ಲಿ ಬಾಡಿಗೆ ಕೋಣೆ ಹುಡುಕಿದಳು. ಮೊದಲ ಮನೆಯವಳು ಕಾಫಿ ಕೊಟ್ಟು, ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಿದಳು. ಉತ್ತರ ಕೇಳಿದ ಮೇಲೆ ನಮ್ಮ ಭಾವನ ಮಗ ಬರುತ್ತಾನಂತೆ, ಕೋಣೆ ಖಾಲಿಯಿಲ್ಲ ಎಂದಳು. ಇನ್ನೊಂದು ಮನೆಯವನು, ಏನಾದರೂ ಆದರೆ ಯಾರು ಹೊಣೆ, ಅಣ್ಣ ಬಂದು ಸಹಿ ಹಾಕುತ್ತಾನಾ ಎಂದ. ತಾರತಮ್ಯ ಮಾಡಕೂಡದೆಂದು ಕಾನೂನಿದೆ ಎಂದು ಬೆನಿಟಾ ಅವನಿಗೆ ಕಲಮಿನ ಸಮೇತ ಹೇಳಿದಳು. ಹಾಗಾದರೆ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ ಎಂದ ಅವನು. ಬೆನಿಟಾ ಇದ್ದದ್ದು ಕೆಲಸಕ್ಕೆ ಹೋಗುವ ಹುಡುಗಿಯರ ಹಾಸ್ಟೆಲಿನಲ್ಲಿ.

ವಡಿವು ಹಿತ್ತಲ ಕಟ್ಟೆಯಲ್ಲಿ ಕೂದಲು ಹರಡಿ ಕೂರುವುದನ್ನು ಬಿಟ್ಟಳು. ಬಾಚುವಾಗ ಹಿಂದಿನ ಖುಷಿ ಇರಲಿಲ್ಲ. ಈ ಕೂದಲಿಗಾಗಿ ತಾನು ಮನೆಯನ್ನೇ ಕಳೆದುಕೊಂಡೆ ಎಂಬ ಯೋಚನೆ ಬಂದ ಮೇಲೆ ಅದರ ಭಾರವೇ ಬೇರೆಯಾಯಿತು. ಒಂದು ಮಂಗಳವಾರ ಅವಳು ತಾನಾಗಿಯೇ ಬೆನಿಟಾಳ ಮೇಜಿನ ಮುಂದೆ ಬಂದು ನಿಂತಳು.

“ನನ್ನ ಪಳನಿಗೆ ಕರ್ಕೊಂಡು ಹೋಗು, ಕಣ್ಣು. ಮುಡಿ ಕೊಡ್ತೀನಿ,” ಎಂದಳು. ಅಕ್ಕರೆ ಬಂದಾಗ ಅವಳಿಗೆ ಬೆನಿಟಾ ಕಣ್ಣು.

ಅಕ್ಕ, ಇದು ನಿಮ್ಮ ಇಷ್ಟವಲ್ಲ, ಅಣ್ಣನ ಒತ್ತಡ, ಒತ್ತಡದಲ್ಲಿ ಒಪ್ಪಿದ್ದು ಒಪ್ಪಿಗೆಯೇ ಅಲ್ಲ ಎಂದಳು ಬೆನಿಟಾ. ಇಷ್ಟ ಯಾರಿಗೆ ತಾನೇ ಪೂರ್ತಿ ಇಷ್ಟವಾಗಿ ಬರುತ್ತದೆ, ನೀನು ಊರು ಬಿಟ್ಟು ಇಷ್ಟು ದೂರ ಕೆಲಸಕ್ಕೆ ಬಂದದ್ದು ಬರೀ ಇಷ್ಟದಿಂದಲಾ ಎಂದು ವಡಿವು ಕೇಳಿದಳು. ಆದರೆ ಮಂಡಳಿಯ ಆದೇಶವಿತ್ತು. ವಡಿವುವಿನ ತಲೆ ಬೋಳಾಗದಂತೆ ನೋಡಿಕೊಳ್ಳುವ ಹೊಣೆ ಇಲ್ಲಂನದೆಂದು ಅದರಲ್ಲಿ ಬರೆದಿತ್ತು. ನಾಳೆ ತನಿಖೆಗೆ ಬಂದವರು ಬೋಳುತಲೆ ನೋಡಿದರೆ ಇಲ್ಲಂನ ಪರವಾನಗಿಗೇ ಕುತ್ತು ಎಂದು ಮೇಲಿನವರು ಹೆದರಿಕೊಂಡರು. ವಿಷಯ ಡಾಕ್ಟರಿಗೆ ಹೋಯಿತು. ಅವರು ಹಳೆಯ ಚೀಟಿಗಳನ್ನೆಲ್ಲ ತಿರುವಿ ಹಾಕಿ ಹುಬ್ಬು ಗಂಟಿಕ್ಕಿದರು. ಮೊಟ್ಟಮೊದಲು ಕಾಯಿಲೆ ಕಾಣಿಸಿಕೊಂಡಾಗ ವಡಿವು ಕೊಬ್ಬರಿ ಕತ್ತಿಯಿಂದ ತನ್ನ ಕೂದಲನ್ನು ತಾನೇ ಕೊಯ್ದು ಬಾವಿಗೆ ಎಸೆದಿದ್ದಳು. ಈಗ ಮತ್ತೆ ಕೂದಲು ಬೇಡ ಅನ್ನುತ್ತಿದ್ದಾಳೆ, ಹುಷಾರಾಗಿರಬೇಕು ಎಂದು ಹೇಳಿ ರಾತ್ರಿಯ ಮಾತ್ರೆಯನ್ನು ಒಂದರಿಂದ ಎರಡು ಮಾಡಿದರು.

ಹೀಗೆ, ಕೂದಲು ಕೊಡುವುದಿಲ್ಲ ಅಂದಾಗ ಅಣ್ಣನ ಪಾಲಿಗೆ ಅವಳಿಗೆ ಹುಚ್ಚು ಬಿಟ್ಟಿರಲಿಲ್ಲ, ಕೊಡುತ್ತೇನೆ ಅಂದಾಗ ಡಾಕ್ಟರ ಪಾಲಿಗೆ ಹುಚ್ಚು ತಿರುಗಿ ಬಂದಿತ್ತು. ಒಂದು ಜುಟ್ಟನ್ನು ಹಿಡಿದು ಎರಡೂ ಕಡೆಯವರು ಎಳೆದಾಡಿದರು. ಇಬ್ಬರಿಗೂ ಅವಳ ಒಳ್ಳೆಯದೇ ಬೇಕಿತ್ತಂತೆ. ಇಂಥ ಒಳ್ಳೆಯವರ ನಡುವೆ ಸಿಕ್ಕಿಕೊಂಡರೆ ಮನುಷ್ಯ ಮಾತಾಡುವುದನ್ನೇ ಬಿಡುತ್ತಾನೆ. ವಡಿವು ಎರಡು ಮಾತ್ರೆಯನ್ನೂ ಬಾಯಿಮುಚ್ಚಿಕೊಂಡು ನುಂಗಿದಳು.

ಸಂತೆಯ ದಿನ ಅಡುಗೆಮನೆಯವರ ಜೊತೆ ತರಕಾರಿಗೆ ಹೋಗುವ ಸರದಿ ಅವಳದಿತ್ತು. ನುಗ್ಗೇಕಾಯಿಯ ಚೀಲವನ್ನು ಜೊತೆಯವಳ ಕೈಗೆ ಕೊಟ್ಟು, ಈಗ ಬಂದೆ ಎಂದು ಹೇಳಿ ಬಸ್ ನಿಲ್ದಾಣಕ್ಕೆ ನಡೆದಳು. ಓಡಲಿಲ್ಲ. ಓಡಬೇಕಾಗಿಯೂ ಇರಲಿಲ್ಲ, ಹೋಗುವ ಹಕ್ಕಿದೆಯೆಂದು ನ್ಯಾಯಾಧೀಶರೇ ಹೇಳಿದ್ದರಲ್ಲ. ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಲ್ಲ. ಒಂದು ಬಸ್ಸಿನಿಂದ ಇನ್ನೊಂದಕ್ಕೆ ಹತ್ತಿ ಇಳಿದು ಮಧ್ಯಾಹ್ನದ ಹೊತ್ತಿಗೆ ಪಳನಿ ಸೇರಿದಳು. ಮುಡಿ ತೆಗೆಸುವುದಕ್ಕೂ ಅಲ್ಲಿ ಕಾಸು ಕೊಡಬೇಕಿಲ್ಲ.

ಮುಡಿ ತೆಗೆಯುವ ಹಾಲಿನಲ್ಲಿ ಹೆಂಗಸರ ಕಡೆಗೆ ಒಬ್ಬಳು ನಡುವಯಸ್ಸಿನವಳು ಕೂತಿದ್ದಳು. ವಡಿವುವಿನ ಜಡೆ ಬಿಚ್ಚಿ ನೀರು ತಟ್ಟುತ್ತ, ಅಯ್ಯೋ ತಾಯಿ, ಇಂಥ ಕೂದಲು ಎಂದು ಒಂದು ಸಲ ಕೈಯಲ್ಲಿ ತೂಗಿ ನೋಡಿದಳು.

“ಯಾರ ಹರಕೆ?”

“ಅಮ್ಮಂದು.”

“ಜೊತೆಗೆ ಯಾರೂ ಬಂದಿಲ್ವಾ?”

“ಮನೇಲಿ ಕಾಯ್ತಿದ್ದಾರೆ,” ಎಂದಳು ವಡಿವು.

ಕತ್ತಿ ನೆತ್ತಿಗೆ ತಾಗಿದಾಗ ಅವಳ ಮೈಯೆಲ್ಲ ಬಿಗಿಯಿತು. ಬೆನ್ನ ಹಿಂದೆ ಆ ನಾಲ್ಕು ಜನ ಬಂದು ನಿಂತರೆಂದೇ ಅನ್ನಿಸಿ ಹಲ್ಲು ಕಚ್ಚಿದಳು. ಯಾರೂ ಹಿಡಿಯಲಿಲ್ಲ. ಅವಳೇ ಕತ್ತು ಬಗ್ಗಿಸಿದ್ದಳು, ಅವಳೇ ಬಗ್ಗಿಸಿಕೊಂಡೇ ಇದ್ದಳು. ಕೂದಲು ಮಡಿಲಿಗೆ ಬಿತ್ತು, ಕಾಲಿನ ಮೇಲೆ ಬಿತ್ತು. ಅವಳು ಅತ್ತಳು, ಆದರೆ ಅದು ಬರೀ ದುಃಖವಾಗಿರಲಿಲ್ಲ. ಇಷ್ಟಾದರೂ ನಾನೇ ಕೊಟ್ಟದ್ದು, ಯಾರೂ ಕಿತ್ತುಕೊಂಡದ್ದಲ್ಲ ಎಂಬ ಒಂದು ಹಟದ ಸಮಾಧಾನವೂ ಅದರಲ್ಲಿತ್ತು. ಬೋಳುತಲೆಗೆ ಗಂಧ ಹಚ್ಚಿದಾಗ ತಣ್ಣಗಾಯಿತು. ಬೆಟ್ಟ ಹತ್ತಿ ಮುರುಗನ್ ಮುಂದೆ ನಿಂತು, ಅಮ್ಮ ಹೇಳಿದ್ದನ್ನು ತಂದಿದ್ದೇನೆ, ಇನ್ನು ಅಣ್ಣನ ಮನೆಯ ತಂಟೆಗೆ ಹೋಗಬೇಡ ಎಂದಳು. ತನಗಾಗಿ ಏನು ಕೇಳಬೇಕೆಂದು ಯೋಚಿಸುವಷ್ಟರಲ್ಲಿ ಹಿಂದಿನವರು ತಳ್ಳಿದರು. ಕೇಳುವುದೇನಿದೆ, ಮನೆಗೆ ಹೋಗುತ್ತಿದ್ದೇನಲ್ಲ ಅಂದುಕೊಂಡು ಇಳಿದಳು.

ಆ ರಾತ್ರಿ ಬೆಟ್ಟದ ಕೆಳಗಿನ ಮಂಟಪದಲ್ಲಿ ಬೇರೆ ಭಕ್ತರ ನಡುವೆ ಮಲಗಿದ್ದು, ಬೆಳಿಗ್ಗೆ ಮತ್ತೆ ಬಸ್ಸು ಹಿಡಿದು ಊರು ಸೇರಿದಾಗ ಕಣದಲ್ಲಿ ಕೆಲಸ ಶುರುವಾಗಿತ್ತು. ತೆಂಗಿನ ಹೋಳುಗಳನ್ನು ಬಿಸಿಲಿಗೆ ಮಗುಚುತ್ತಿದ್ದ ಹೆಂಗಸರು ಇವಳನ್ನು ಕಂಡು ಕೈ ನಿಲ್ಲಿಸಿದರು. ಒಬ್ಬಳು ಒಳಗೆ ಓಡಿದಳು. ನಾಚಿಮುತ್ತು ಹೊರಗೆ ಬಂದು ಮೊದಲು ಕಂಡದ್ದು ಗಂಧ ಬಳಿದ ಆ ತಲೆಯನ್ನು. ಚಪ್ಪಲಿ ಕಳಚಿ ಬರಿಗಾಲಲ್ಲಿ ಮೆಟ್ಟಲಿಳಿದ. ಏನೂ ಕೇಳದೆ ಎರಡೂ ಕೈಯನ್ನು ಅವಳ ತಲೆಯ ಮೇಲಿಟ್ಟು ಕಣ್ಣಿಗೊತ್ತಿಕೊಂಡ, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಮಲರ್ಕೊಡಿ ಚೊಂಬಿನಲ್ಲಿ ನೀರು ತಂದು ಅವಳ ಕಾಲಿಗೆ ಸುರಿದಳು. ಎಷ್ಟು ವರ್ಷದ ಮೇಲೆ ಆ ಮನೆಯಲ್ಲಿ ವಡಿವುಗೆ ಸಿಕ್ಕಿದ ಮರ್ಯಾದೆಯೋ ಅದು.

ಜಗುಲಿಯ ಮೇಲೆ ಎಲೆ ಹಾಕಿ ಬಡಿಸಿದರು. ಅನ್ನ, ಹುರುಳಿಕಾಳಿನ ಸಾರು, ಹಪ್ಪಳ, ಕೊನೆಗೆ ಪಾಯಸವನ್ನೂ ಮಾಡಿದ್ದರು. ವಡಿವು ಹೊಟ್ಟೆ ತುಂಬ ಉಂಡಳು. ಉಣ್ಣುತ್ತ ಉಣ್ಣುತ್ತಲೇ ಮಾತಾಡಿದಳು, ಅಮ್ಮನ ಕೋಣೆಯಲ್ಲಿ ಕೊಬ್ಬರಿ ಮೂಟೆ ಇಟ್ಟಿರುವುದನ್ನು ಒಳಗೆ ಬರುವಾಗಲೇ ನೋಡಿದೆ, ಒಂದು ಮೂಲೆಗೆ ಸರಿಸಿಕೊಂಡರೆ ತನಗೆ ಜಾಗವಾಗುತ್ತದೆ, ಸಂಜೆಗೆ ತಾನೇ ಸರಿಸುತ್ತೇನೆ, ನಾಳೆಯಿಂದ ಕಣದ ಕೆಲಸಕ್ಕೂ ಇಳಿಯುತ್ತೇನೆ ಎಂದಳು. ಅಣ್ಣ ಹೂಂಗುಟ್ಟುತ್ತಿದ್ದ. ಮಲರ್ಕೊಡಿ ಎಲೆಗೆ ಮಜ್ಜಿಗೆ ಬಿಡುವಾಗ ಗಂಡನ ಮುಖ ನೋಡಿದಳು. ಅವನು ಎದ್ದು ಕಣದ ಆಚೆ ತುದಿಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದ.

“ವ್ಯಾನು ಹೊರಟಿದೆಯಂತೆ, ಅಮ್ಮಿಣಿ. ಪಾಪ, ನಿನ್ನೆಯಿಂದ ಹುಡುಕ್ತಿದ್ದಾರೆ.”

ವಡಿವು ಕೈ ತೊಳೆಯುತ್ತಿದ್ದವಳು ತಿರುಗಿದಳು. ಯಾವ ವ್ಯಾನು ಎಂದಳು, ಗೊತ್ತಿದ್ದೂ. ಅವನು ಅವಳ ಕಣ್ಣು ನೋಡದೆ ಹೇಳಿದ. ಮುಂದಿನ ವಾರ ಮಗನಿಗೆ ನೋಡಿದ ಹುಡುಗಿಯ ಕಡೆಯವರು ನಿಶ್ಚಯಕ್ಕೆ ಬರುತ್ತಾರೆ. ಒಳ್ಳೆಯ ಸಂಬಂಧ. ಮನೆಯಲ್ಲಿ ಇಂಥವರು ಒಬ್ಬರಿದ್ದಾರೆಂದು ಅವರಿಗೆ ಹೇಳಿಲ್ಲ, ಮದುವೆಯಾದ ಮೇಲೂ ಹೇಳುವ ಹಾಗಿಲ್ಲ. ನೀನು ಮಾಡಿದ್ದು ದೊಡ್ಡ ಕೆಲಸ, ಈ ಮನೆ ಅದನ್ನು ಮರೆಯುವುದಿಲ್ಲ.

“ಮುಡಿ ಕೊಟ್ರೆ ಸೀದಾ ಮನೆ ಅಂದಿದ್ದೆ ನೀನು.”

“ಅಂದಿದ್ದೆ. ಆಗ ನೀನು ಬೇಡ ಅಂದೆ.”

“ಈಗ ಕೊಟ್ಟಿದ್ದೀನಲ್ಲ ಅಣ್ಣ. ನೋಡು.”

ನಾಚಿಮುತ್ತು ನೋಡಿದ. ಆ ತಲೆಯ ಮೇಲೆ ಮತ್ತೆ ಕೈಯಿಡಬೇಕೆನ್ನಿಸಿರಬೇಕು, ಕೈ ಅರ್ಧಕ್ಕೆ ಎತ್ತಿ ಇಳಿಸಿದ.

“ಗುಣ ಆದ್ರೆ ಮುಡಿ ಕೊಡ್ತೀನಿ ಅಂತ ಅಮ್ಮ ಹೊತ್ತಿದ್ಲು. ಅದು ತೀರ್ತು,” ಎಂದ. “ಮನೇಲಿ ಇಟ್ಕೋತೀನಿ ಅಂತ ಅವಳು ಯಾರಿಗೂ ಹೇಳಿರ್ಲಿಲ್ಲ, ಅಮ್ಮಿಣಿ.”

ವ್ಯಾನು ಬಂದಾಗ ಅವಳು ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಬೆನಿಟಾ ಇಳಿದು ಓಡಿಬಂದವಳು ಅವಳ ತಲೆ ಕಂಡು ಅಲ್ಲೇ ನಿಂತಳು. ಆಮೇಲೆ ಕೆಂಪು ಮುಖ ಮಾಡಿಕೊಂಡು ನಾಚಿಮುತ್ತುವಿನ ಕಡೆಗೆ ತಿರುಗಿ, ಮಂಡಳಿಯ ಆದೇಶ ಮೀರಿದ್ದೀರಿ, ಇವತ್ತೇ ದೂರು ಕೊಡುತ್ತೇನೆ, ಬಿಡುವುದಿಲ್ಲ ಎಂದು ಶುರುಮಾಡಿದಳು. ಅವನು ಬಾಯಿ ತೆರೆಯುವ ಮುಂಚೆ ವಡಿವುವೇ, ಅವನು ಮುಟ್ಟಿಲ್ಲ, ನಾನೇ ಹೋಗಿ ಕೊಟ್ಟೆ ಎಂದಳು. ಬೆನಿಟಾಳ ಕೋಪ ಇಳಿದು ಕಣ್ಣು ತುಂಬಿತು. ಯಾಕಕ್ಕ ಎಂದಳು. ವಡಿವು ಎದ್ದು ಅಂಗಳಕ್ಕಿಳಿದಳು.

ಅಣ್ಣ ಅತ್ತಿಗೆ ಒಳಗೆ ಹೋದರು. ಹೆಬ್ಬಾಗಿಲನ್ನು ಪೂರ್ತಿ ಹಾಕಲಿಲ್ಲ, ಸುಮ್ಮನೆ ಮುಂದೆ ಮಾಡಿದರು. ಕಣದ ಹೆಂಗಸರು ಬೆನ್ನು ತಿರುಗಿಸಿ ಹೋಳು ಮಗುಚುತ್ತಿದ್ದರು. ಬೆನಿಟಾ ಮೂಗು ಒರೆಸಿಕೊಂಡು ಚೀಲದಿಂದ ಒಂದು ಹಾಳೆ ತೆಗೆದಳು. ಬಿಟ್ಟು ಹೋದವರನ್ನು ಮತ್ತೆ ಸೇರಿಸಿಕೊಳ್ಳುವ ಮುಂಚೆ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕೆಂದು ನಿಯಮ. ಯಾರನ್ನೂ ಅವರ ಮನಸ್ಸಿಗೆ ವಿರುದ್ಧವಾಗಿ ಎಳೆದೊಯ್ಯುವಂತಿಲ್ಲ. ಆ ನಿಯಮ ಒಳ್ಳೆಯದೆಂದೇ ಬೆನಿಟಾ ನಂಬಿದ್ದಳು. ಆದರೂ ಅದನ್ನು ಹಾಳೆಯಲ್ಲೇ ಕಣ್ಣಿಟ್ಟು ಕೇಳಿದಳು.

“ವಡಿವಕ್ಕ, ಇಲ್ಲಂಗೆ ನಿಮ್ಮ ಸ್ವಂತ ಇಷ್ಟದಿಂದ ಬರ್ತಿದ್ದೀರಾ? ಯಾರ ಬಲವಂತಾನೂ ಇಲ್ಲ ತಾನೆ?”

ವಡಿವು ಮುಂದೆ ಮಾಡಿದ್ದ ಬಾಗಿಲನ್ನು ನೋಡಿದಳು. ಕಣ ನೋಡಿದಳು. ಬಿಸಿಲು ನೆತ್ತಿಯ ಮೇಲೆ ಸುಡುತ್ತಿತ್ತು, ಒಣಗಿದ ಗಂಧ ಹಣೆಗೆ ಉದುರುತ್ತಿತ್ತು.

“ಇಷ್ಟದಿಂದಲೇ ಅಂತ ಬರ್ಕೋ, ಕಣ್ಣು,” ಎಂದಳು. “ಬಲವಂತ ಮಾಡೋಕೆ ನಂಗೆ ಯಾರಿದ್ದಾರೆ?”

ಬೆನಿಟಾ ಅದರಲ್ಲಿ ಮೊದಲನೆಯ ಮಾತನ್ನಷ್ಟೇ ಬರೆದುಕೊಂಡಳು. ವಡಿವು ಸಹಿ ಹಾಕಿ, ಯಾರೂ ಕೈ ಹಿಡಿಯುವ ಮುಂಚೆ ತಾನೇ ವ್ಯಾನು ಹತ್ತಿ ಕೂತಳು.